ಕಿಟಕಿ ಪಕ್ಕದ ಕುರ್ಚಿ

ಆ ವೃದ್ಧಾಶ್ರಮದ ಊಟದ ಕೋಣೆಯಲ್ಲಿ ತಟ್ಟೆ ಲೋಟ ಇಡುವುದು ಮುಖ ನೋಡಿ ಅಲ್ಲ, ಕುರ್ಚಿ ನೋಡಿ. ಯಾವ ಪುಣ್ಯಾತ್ಮ ಶುರುಮಾಡಿದ ಪದ್ಧತಿಯೋ, ಮುದುಕರಿಗೂ ಕಾಲಿವೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಊಟ ಮಾಡಿಸುವ ಹೆಂಗಸು ತೊಂಬತ್ತರ ಮುದುಕರಿಗೂ ಚಿಕ್ಕಮ್ಮ. ಹನ್ನೆರಡು ಕುರ್ಚಿಗಳೂ ಅವಳಿಗೆ ಬಾಯಿಪಾಠ. ಕಿಟಕಿ ಪಕ್ಕದ್ದು ಪೋಸ್ಟ್‌ಮ್ಯಾನ್ ತಾತನದು, ಗೋಡೆ ಬದಿಯದು ದರ್ಜಿ ತಾತನದು.

ಪಾರ್ಶ್ವವಾಯು ಹೊಡೆದ ಮೇಲೆ ದರ್ಜಿ ತಾತನ ಗಂಟಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಅವನಿಗೆ ನೀರನ್ನೂ ಪುಡಿ ಕಲಸಿ ಗಂಜಿಯಷ್ಟು ಗಟ್ಟಿ ಮಾಡಿ ಕೊಡಬೇಕು. ತೆಳು ನೀರು ಕೆಮ್ಮನ್ನೂ ಬರಿಸದೆ ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡು ಸಲ ನ್ಯುಮೋನಿಯಾದಿಂದ ಬದುಕಿ ಬಂದಿದ್ದಾನೆ, ಮೂರನೆಯದನ್ನು ತಡೆಯಲಾರ ಎಂದು ನರ್ಸ್ ಎಚ್ಚರಿಸಿದ್ದಳು.

ಆ ಮಧ್ಯಾಹ್ನ ಚಿಕ್ಕಮ್ಮ ಲೋಟಗಳನ್ನು ಸರಸರ ಇಟ್ಟು, ಹಟಮಾರಿ ಅಜ್ಜಿಯೊಬ್ಬಳಿಗೆ ತುತ್ತು ತಿನ್ನಿಸುತ್ತ ಕೂತಳು. ತಿರುಗಿ ನೋಡಿದರೆ ಕಿಟಕಿ ಪಕ್ಕ ದರ್ಜಿ ತಾತ. ಕೈಯಲ್ಲಿ ಪೋಸ್ಟ್‌ಮ್ಯಾನ್ ತಾತನಿಗೆಂದು ಇಟ್ಟ ತೆಳು ನೀರಿನ ಲೋಟ, ಖಾಲಿ.

“ತಾತ, ನೀವ್ಯಾಕೆ ಇಲ್ಲಿ ಕೂತ್ರಿ?”

“ಅವನಿಗೆ ಬಿಸ್ಲು ಕಣ್ಣಿಗೆ ಹೊಡೀತಂತೆ. ನಂಗೆ ಬೇಕಿತ್ತು. ಬದಲಾಯಿಸ್ಕೊಂಡ್ವಿ.” ದನಿಯಲ್ಲಿ ನೀರು ಗೊರಗೊರ ಎನ್ನುತ್ತಿತ್ತು.

ತಾತ ಅವಳ ಸೆರಗು ಹಿಡಿದುಕೊಂಡ. “ನರ್ಸ್‌ಗೆ ಹೇಳ್ಬೇಡ. ಮೂಗಿಗೆ ಊಟದ ನಳಿಕೆ ಹಾಕ್ತಾರೆ. ನಿನ್ ಕೆಲ್ಸಾನೂ ಹೋಗುತ್ತೆ.”

ಯಾರೂ ನೋಡಿರಲಿಲ್ಲ. ಕೆಮ್ಮೂ ಇಲ್ಲ. ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಸೆರಗು ಬಿಡಿಸಿಕೊಂಡು ಹೋಗಿ ಎಲ್ಲವನ್ನೂ ಹೇಳಿದಳು.

ನರ್ಸ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಾತನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, ಬಲಗಡೆ ಕೆಳಗೆ ಬಹಳ ಹೊತ್ತು ಕೇಳಿದಳು. “ಡಾಕ್ಟ್ರಿಗೆ ಫೋನ್ ಮಾಡ್ತೀನಿ. ನೇರ ಕೂರಿಸು, ಮಲಗೋಕೆ ಬಿಡ್ಬೇಡ. ಗಂಟೆಗೊಂದ್ಸಲ ಜ್ವರ ನೋಡು.”

ಎರಡು ಗಂಟೆಗೆ ಜ್ವರವಿರಲಿಲ್ಲ. ಮೂರಕ್ಕೂ ಇರಲಿಲ್ಲ. ಚಿಕ್ಕಮ್ಮ ಅವನ ಉಸಿರನ್ನೇ ಎಣಿಸುತ್ತ, ಲೆಕ್ಕ ತಪ್ಪಿದಾಗಲೆಲ್ಲ ಮೊದಲಿಂದ ಶುರುಮಾಡುತ್ತ ಕೂತಳು. ನಾಲ್ಕಕ್ಕೆ ಹಣೆ ಮುಟ್ಟಿದಳು. ಸುಡುತ್ತಿತ್ತು.

ತಾತ ಅವಳ ಮುಖ ನೋಡಿ ನಕ್ಕ. “ಸಂಕಟ ಪಡ್ಬೇಡ, ಚಿಕ್ಕಮ್ಮ. ಎಂಟು ತಿಂಗಳಾಗಿತ್ತು ನೀರು ನೀರಿನ ಹಾಗೆ ಕುಡ್ದು. ತುಂಬಾ ಚೆನ್ನಾಗಿತ್ತು.”

ಅವಳು ನರ್ಸನ್ನು ಕರೆಯಲು ಎದ್ದು ಓಡಿದಳು.