ಎದುರು ಮನೆಯ ಬೆಲ್ಲ

ಮಂಗಳಮ್ಮ ತಂದುಕೊಟ್ಟ ಬೆಲ್ಲದ ಅಚ್ಚುಗಳು ಇನ್ನೂ ಬೆಚ್ಚಗಿದ್ದವು. ಗೌತಮಿ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

"ತಗಳವ್ವ, ನಮ್ಮಣ್ಣನ ಆಲೆಮನೇದು. ಆ ಬೆಸಗರಳ್ಳಿ ವುಡುಗೀನ ಬ್ಯಾಡ ಅಂತ ಏಳಿ ಕಳಿಸ್ಬುಟ್ಟೊ. ನೀನು ಆವತ್ತು ಬಾಯಿ ಬುಡದೆ ಓಗಿದ್ರೆ ನಮ್ ಮಗ ಜಯಪ್ರಕಾಸನ ಗತಿ ಏನಾಯ್ತಿತ್ತು."

"ನಾನು ಅವಳ ವಿಷಯ ಏನೂ ಹೇಳಲಿಲ್ಲ, ಮಂಗಳಮ್ಮ."

"ಇನ್ನೊಂದ್ಸಲ ವಿಚಾರ್ಸಿ ನೋಡಿ ಅಂದ್ಯಲ್ಲ, ಸಾಲ್ದಾ. ಅಷ್ಟು ಗೊತ್ತಾಗಕಿಲ್ವಾ ನಮ್ಗೆ." ಮಂಗಳಮ್ಮ ರಸ್ತೆ ದಾಟಿ ಎದುರಿನ ತಮ್ಮ ಮನೆಗೆ ಹೋದರು.

ಸಾಲದೇ? ಹೆಣ್ಣಿನ ವಿಚಾರಣೆಗೆ ಬಂದವರಿಗೆ ಮಂಡ್ಯದ ಈ ಗುತ್ತಲು ಬಡಾವಣೆಯಲ್ಲಿ ಈ ಒಂದು ಮಾತು ಧಾರಾಳವಾಗಿ ಸಾಕು. ಒಳ್ಳೆಯ ಹುಡುಗಿ ಅನ್ನುವವರು ಕೂತು ನೂರು ಮಾತಾಡುತ್ತಾರೆ. ಬೇಡ ಅನ್ನುವವರು ಇಷ್ಟೇ ಹೇಳಿ ಕಾಫಿ ತರಲು ಒಳಗೆ ಎದ್ದುಹೋಗುತ್ತಾರೆ. ಆ ಹುಡುಗಿ ಈ ಮನೆಗೆ ಬಂದುಹೋದದ್ದನ್ನು ಕಂಡಿದ್ದ ಮಂಗಳಮ್ಮ ಅವಳು ಹೇಗೆ ಎಂದು ವಿಚಾರಿಸಿದಾಗ ಗೌತಮಿಯೂ ಹಾಗೇ ಎದ್ದುಹೋಗಿದ್ದಳು. ಗೊತ್ತಿದ್ದೂ ಹೇಳಲಿಲ್ಲವೆಂದು ನಾಳೆ ಎದುರು ಮನೆಯವರು ದೂರಬಾರದು, ಆ ಹುಡುಗಿ ನಂಬಿ ಕೊಟ್ಟಿದ್ದ ಆಸ್ಪತ್ರೆ ಕಾಗದದ ಗುಟ್ಟೂ ಹೊರಬೀಳಬಾರದು. ಎರಡನ್ನೂ ಉಳಿಸಿಕೊಂಡೆ ಅಂದುಕೊಂಡಿದ್ದಳು, ಮಹಾ ಜಾಣೆ.

ಗಂಡನ ಕೆಲಸದ ನಿಮಿತ್ತ ಟೂರಿನ್‌ನಲ್ಲಿದ್ದಾಗ ಕಲಿತ ಇಟಾಲಿಯನ್ ಮಂಡ್ಯಕ್ಕೆ ಬಂದ ಮೇಲೂ ಅವಳ ಕೈ ಹಿಡಿದಿತ್ತು. ಅಲ್ಲಿನ ಆಸ್ಪತ್ರೆಗಳ ಕಾಗದಗಳನ್ನು ಮನೆಯಲ್ಲೇ ಕೂತು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಬೆಸಗರಹಳ್ಳಿಯ ಆ ಹುಡುಗಿ ರಂಜಿತ ತಂದುಕೊಟ್ಟದ್ದೂ ಅಂಥದೇ. ಇಟಲಿಯ ಒಂದು ವೃದ್ಧಾಶ್ರಮದಲ್ಲಿ ನರ್ಸಾಗಿದ್ದ ಹುಡುಗಿ, ಒಂದು ಚಳಿಗಾಲವಿಡೀ ಊಟ ನಿದ್ದೆ ಬಿಟ್ಟು, ಕೊನೆಗೆ ತಾನೇ ಬ್ಯಾಗು ಹಿಡಿದು ಮಾನಸಿಕ ವಾರ್ಡಿಗೆ ನಡೆದುಹೋಗಿದ್ದಳು. 'ರಿಕೊವೆರೊ ವೊಲೊಂತಾರಿಯೊ' ಎಂದಿತ್ತು. ಹಿಡಿದು ತಂದು ಸೇರಿಸಿದರೆ ಅಲ್ಲಿ ಬೇರೆಯೇ ಹೆಸರು. ತಾನಾಗಿ ಬಂದು ಸೇರಿದವರಿಗೆ ಇದು. ಗೌತಮಿ 'ವಾಲಂಟರಿ ಅಡ್ಮಿಷನ್' ಎಂದು ಬರೆದು, ಓದಿದವರು ತಪ್ಪು ತಿಳಿಯಬಾರದೆಂದು ಕೆಳಗೊಂದು ಟಿಪ್ಪಣಿಯನ್ನೂ ಸೇರಿಸಿದ್ದಳು. ಇಂಗ್ಲಿಷಿನಲ್ಲಿ ಅಷ್ಟು ಎಚ್ಚರ. ಕನ್ನಡದಲ್ಲಿ ಆಡಿದ ಒಂದು ಮಾತಿಗೆ ಅದರ ಕಾಲುಭಾಗವೂ ಇರಲಿಲ್ಲ.

ಮಧ್ಯಾಹ್ನ ರಂಜಿತ ಕಾಗದ ಒಯ್ಯಲು ಬಂದಳು. ಕೂರು ಅಂದರೂ ಕೇಳದೆ ಮಾತಾಡುತ್ತ ಅಡುಗೆಮನೆಗೇ ಬಂದುಬಿಟ್ಟಳು.

"ಇನ್ಮೇಲೆ ಅದು ಬೇಕಾಗಿಲ್ಲ ಮೇಡಂ, ಆದ್ರೂ ಕೊಡಿ. ಒಂದು ಸಂಬಂಧ ಬಂದಿತ್ತು. ನಿಮ್ಮ ಗುತ್ತಲಿನೋರೇ, ಜಯಪ್ರಕಾಶ್ ಅಂತ, ಹೈಸ್ಕೂಲ್ ಮೇಷ್ಟ್ರು. ಮುಚ್ಚಿಟ್ಟು ಮದ್ವೆ ಆಗಬಾರ್ದು ಅನ್ನಿಸ್ತು. ಬಾಯಲ್ಲಿ ಹೇಳಾಕೆ ಹೋದ್ರೆ ಅತ್ತುಬುಡ್ತೀನಿ. ಇಂಗ್ಲಿಷಲ್ಲಿದ್ರೆ ಅವರೇ ಓದ್ಕೊಂಡು ಹೂಂ ಅನ್ಲಿ, ಊಹೂಂ ಅನ್ಲಿ ಅಂತ ನಿಮಗೆ ಕೊಟ್ಟಿದ್ದು. ಭಾನ್ವಾರ ಮದ್ದೂರಲ್ಲಿ ಸಿಗಾದು ಅಂತ ಮಾತಾಗಿತ್ತು. ಅಷ್ಟ್ರಲ್ಲಿ ಬ್ಯಾಡ ಅಂದ್ಬುಟ್ರು."

ಗೌತಮಿಗೆ ಒಲೆಯ ಮೇಲಿನ ಹಾಲಿನಿಂದ ಕಣ್ಣು ಕೀಳಲಾಗಲಿಲ್ಲ. "ಯಾಕಂತೆ?" ಎಂದಳು. ಕೇಳಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

"ಯಾರೋ ಏನೋ ಅಂದವ್ರೆ. ಅವ್ವ ಪಕ್ಕದ ಮನೆ ನಾಗಮಣಿನೇ ಅಂತ ಬೆಳಗ್ಗಿಂದ ಅವರ ಬಾಗ್ಲಲ್ಲಿ ನಿಂತು ಬಯ್ತಾವ್ಳೆ. ನಂಗೂ ಇನ್ಯಾರು ಅಂತ ತಿಳೀತಿಲ್ಲ. ಈ ವಿಚಾರ ಗೊತ್ತಿರೋದು ನಿಮಗೊಬ್ರಿಗೆ. ನೀವು ಅಂಥೋರಲ್ಲ ಬುಡಿ."

ಸಕ್ಕರೆ ಡಬ್ಬಿಯಲ್ಲಿ ಒಂದು ಚಮಚವೂ ಇರಲಿಲ್ಲ. ಗೌತಮಿಯ ಕೈ ತಾನಾಗಿ ಮಂಗಳಮ್ಮನ ಡಬ್ಬಿಗೆ ಹೋಯಿತು. ಒಂದು ಚೂರು ಮುರಿದು ಕಾಫಿಗೆ ಹಾಕಿ ಕದಡಿ ಕೊಟ್ಟಳು. ರಂಜಿತ ಒಂದು ಗುಟುಕು ಕುಡಿದಳು.

"ಬೆಲ್ಲ ಗಮ್ ಅಂತೈತೆ. ಎಲ್ಲೀದು ಮೇಡಂ?"

ಅಂಗಡಿಯದು ಅಂದರೆ ಮುಗಿದುಹೋಗುತ್ತಿತ್ತು. ಬಾಯಿಗೂ ಅದೇ ಬಂದಿತ್ತು. ಆದರೆ ಬೆಸಗರಹಳ್ಳಿಯಲ್ಲಿ, ಗೌತಮಿ ಕಂಡೇ ಇಲ್ಲದ ನಾಗಮಣಿ ತನ್ನದೇ ಮನೆಯ ಬಾಗಿಲಲ್ಲಿ ನಿಂತು ಬೈಸಿಕೊಳ್ಳುತ್ತಿದ್ದಳು.

"ಎದುರು ಮನೆಯವರು ಕೊಟ್ಟರು," ಎಂದಳು ಗೌತಮಿ. "ಮಂಗಳಮ್ಮ. ಜಯಪ್ರಕಾಶನ ತಾಯಿ. ನನಗೆ ಅಂತಲೇ ತಂದುಕೊಟ್ಟರು, ಇವತ್ತು ಬೆಳಗ್ಗೆ."

ರಂಜಿತ ಕಿಟಕಿಯಿಂದ ಎದುರು ಮನೆಯನ್ನು ನೋಡಿದಳು. ಆಮೇಲೆ ಗೌತಮಿಯನ್ನು ನೋಡಿದಳು. ಕೈಯಲ್ಲಿದ್ದ ಕಾಫಿಯನ್ನು ಅವಸರವಿಲ್ಲದೆ ತಳದವರೆಗೂ ಕುಡಿದು ನಲ್ಲಿ ತಿರುಗಿಸಿದಳು.

"ಇಡು ರಂಜಿತ, ನಾನು ತೊಳೀತೀನಿ."

"ಬುಡಿ ಮೇಡಂ. ಅವ್ವಂಗೆ ಫೋನ್ ಮಾಡ್ಬೇಕು, ನಾಗಮಣಕ್ಕನ ಮನೆ ಬಾಗ್ಲು ಬುಟ್ಟು ಬಾ ಅಂತ."

ಅವಳು ಹೋದ ಮೇಲೆ ಗೌತಮಿ ಅಡುಗೆಮನೆಯಲ್ಲಿ ನಿಂತೇ ಇದ್ದಳು. ಕಟ್ಟೆಯ ಮೇಲೆ ಬೋರಲು ಹಾಕಿದ ಲೋಟದ ಸುತ್ತ ನೀರು ಇಳಿದು ನಿಂತಿತ್ತು. ಪಕ್ಕದಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳ ತೆರೆದೇ ಇತ್ತು.