ಕೆದರಿದ ಗೆಣಸಿನ ಸಾಲು

ಮೈದುನ ವೈಜಿನಾಥನಿಂದ ಹಲಬರ್ಗಾದ ಈರಮ್ಮನಿಗೆ ತಲೆ ಚಿಟ್ಟು ಹಿಡಿದಿತ್ತು. ಹಿತ್ತಲಲ್ಲಿ ಇದ್ದದ್ದು ಒಂದೇ ಗೆಣಸಿನ ಸಾಲು. ಶ್ರಾವಣದಲ್ಲಿ ಬಳ್ಳಿಯ ತುಂಡುಗಳನ್ನು ಊರಿದ ಅವಳ ಗಂಡ ಶಿವರಾಜಪ್ಪ, ಭಾದ್ರಪದದಲ್ಲಿ ಜ್ವರ ಬಂದು ಮಲಗಿದ. ಹಿಂದುಸ್ತಾನದ ದಂಡು ನಿಜಾಮನ ಸೀಮೆಗೆ ನುಗ್ಗಿದ ವಾರ ಅದು. ಬೀದರದ ದಾರಿ ಬಂದಾಗಿತ್ತು, ವೈದ್ಯ ಬರಲಿಲ್ಲ. ಶಿವ ತನ್ನವನನ್ನು ಕರೆದುಕೊಂಡ. ಬಳ್ಳಿ ಮಾತ್ರ ಚಿಗುರಿತು.

ಶಿವರಾತ್ರಿಯ ದಿನವೇ ಆ ಗೆಣಸನ್ನು ಅಗೆದು, ಬೇಯಿಸಿ, ಅಂಗೈಯ ಲಿಂಗಕ್ಕೆ ಎಡೆ ತೋರಿಸಬೇಕೆಂದು ಈರಮ್ಮ ಹರಕೆ ಹೊತ್ತಿದ್ದಳು. ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ವೈಜಿನಾಥ ಮುಟ್ಟದೆ ಬಿಡುವವನೆ? ಮುಂಜಾನೆ ಎದ್ದವನೇ ಕಳೆ ಕೀಳುವ ಕುರ್ಪಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದ. ಒಂದು ಬುಡ ಕೆದರಿ, ಬಗ್ಗಿ ನೋಡಿ, ಮತ್ತೆ ಮಣ್ಣು ಮುಚ್ಚಿ ತಟ್ಟುತ್ತಿದ್ದ.

"ಅದೇನು ಒಲಿಮ್ಯಾಲಿನ ಅನ್ನ ಏನೋ, ಗಳಿಗಿಗೊಮ್ಮಿ ಮುಚ್ಚಳ ತೆಗದು ನೋಡ್ಲಿಕ್ಕ?"

"ನಾಳಿಂದ ಮುಟ್ಟಂಗಿಲ್ಲರಿ ವೈನಿ."

ಆ ನಾಳೆ ಬರಲೇ ಇಲ್ಲ. ಈರಮ್ಮ ಕುರ್ಪಿಯನ್ನು ಜೋಳ ತುಂಬಿದ ಗುಮ್ಮಿಯಲ್ಲಿ ಬಚ್ಚಿಟ್ಟಳು. ಅವನು ಕಟ್ಟಿಗೆಯ ಚೂರಿನಿಂದ ಕೆದರಿದ.

ಶಿವರಾತ್ರಿಗೆ ಇನ್ನೂ ಕೆಲವು ದಿನ ಇರುವಾಗ ಪೊಲೀಸರು ಬಂದರು. ರಜಾಕಾರರ ಕಾಲದ ಬಂದೂಕುಗಳನ್ನು ಯಾರು ಎಲ್ಲಿ ಹುಗಿದಿದ್ದಾರೆಂದು ಊರಿನ ಒಂದೊಂದೇ ಹಿತ್ತಲು ನೋಡುತ್ತ ಬಂದ ಜಮಾದಾರ, ಗೆಣಸಿನ ಸಾಲಿನ ಮುಂದೆ ನಿಂತುಬಿಟ್ಟ.

"ಯವ್ವಾ, ಈ ಮಣ್ಣು ಇನ್ನೂ ಹಸಿ ಅದ. ಒಳಗ ಏನು ಹುಗದೀರಿ?"

"ಗೆಣಸ್ರಿ."

"ಗೆಣಸು ದಿನಾ ಹುಗೀತಾರೇನು?"

ಈರಮ್ಮ ಮೈದುನನತ್ತ ತಿರುಗಿದಳು. "ಹೇಳಪಾ, ಜವಾಬು ಕೊಡು!"

"ನಾ ಸುಮ್ನ ನೋಡ್ತಿದ್ದೆರಿ," ಎಂದು ವೈಜಿನಾಥ ತೊದಲಿದ. ಜಮಾದಾರನ ಸಂಶಯ ಇಮ್ಮಡಿಯಾಯಿತು. "ಅಗೀರಿ," ಎಂದ.

ಗುದ್ದಲಿ ಮೇಲೆದ್ದಿತು. ಹರಕೆ ಮುರಿಯಿತೆಂದು ಈರಮ್ಮ ಗುದ್ದಲಿಗೆ ಅಡ್ಡ ಬಂದಳು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು.

"ನಿಂದರ್ರಿ! ಅಗೀಲೇಬೇಕಂದ್ರ ನೆಟ್ಟಗ ಅಗೀರಿ. ಬುಡಕ್ಕ ಹಾಕಬ್ಯಾಡ್ರಿ, ಬಾಜೂಕ ಹಾಕ್ರಿ. ತುಂಡಾದದ್ದು ದೇವರಿಗಿ ನಡೆಯಂಗಿಲ್ಲ!"

ಪೊಲೀಸರು ಮುಖ ಮುಖ ನೋಡಿಕೊಂಡು ಪಕ್ಕಕ್ಕೆ ಗುದ್ದಲಿ ಹಾಕಿದರು. ಕೆಂಪು ಗೆಣಸುಗಳು ಇಡಿಯಾಗಿ ಮೇಲೆ ಬಂದವು. ಸಾಲು ಮುಗಿಯಿತು, ಬಂದೂಕು ಸಿಗಲಿಲ್ಲ.

"ಬಂದೂಕ ಇದ್ದಿದ್ರ ನಮ್ಮ ಮೈದುನ ನಿಮಗಿಂತ ಮದಲ ಕೆದರಿ ತೆಗೀತಿದ್ದರಿ," ಎಂದಳು ಈರಮ್ಮ. ಜಮಾದಾರ ನಗು ತಡೆದುಕೊಂಡು ಹೊರಟುಹೋದ.

ಅವರು ಅತ್ತ ಹೋದದ್ದೇ ತಡ, ಇವಳು ಇತ್ತ ತಿರುಗಿದಳು. "ಹಾಳು ಮಾಡಿದಿ ನೋಡು ನನ್ನ ಹರಕಿ! ಯಾಕ ಕೆದರ್ತಿದ್ದಿ? ಈಗರೆ ಬಾಯಿ ಬಿಡು."

ವೈಜಿನಾಥ ತಲೆ ಎತ್ತಲಿಲ್ಲ. "ಅಣ್ಣ ಹಚ್ಚಿದ್ದು ಇದೊಂದೇ ಉಳದಿತ್ತು ವೈನಿ. ಮ್ಯಾಲ ಹಸರ ಇದ್ದು ಒಳಗ ಕೊಳತ್ರ? ಜೀವ ಅದನೋ ಇಲ್ಲೋ ಅಂತ ನೋಡ್ತಿದ್ದೆ."

ಈರಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅಗೆದ ಗೆಣಸನ್ನು ನೆರಳಿನಲ್ಲಿ ಕೆಲವು ದಿನ ಹರವಿಟ್ಟರೇ ಸಿಹಿಯಾಗುತ್ತದೆಂದು ಶಿವರಾಜಪ್ಪ ಪ್ರತಿವರ್ಷ ಹೇಳುತ್ತಿದ್ದದ್ದು ಅವಳಿಗೆ ಆಗ ನೆನಪಾಯಿತು. ಶಿವನಿಗೆ ಸಿಹಿಯೇ ಸಲ್ಲಲಿ ಎಂದುಕೊಂಡು, ಒಂದೊಂದೇ ಒರೆಸಿ ಪಡಸಾಲೆಯಲ್ಲಿ ದೇವರ ಗೂಡಿನ ಕೆಳಗೆ ಹರವಿದಳು.

"ಶಿವರಾತ್ರಿತನಕ ಇಲ್ಲೇ ಇರ್ತಾವ. ನೋಡೂದಿದ್ರ ಕುಂತು ನೋಡು. ಕೈ ಹಚ್ಚಿದಿ ಅಂದ್ರ ಜಮಾದಾರಗ ಕರೀತೇನಿ."

ವೈಜಿನಾಥ ಕೈಗಳೆರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆಗೆ ಒರಗಿ ಕುಳಿತ.