ಹಿಂದೆ ಒಬ್ಬರು

ತಿರುವಿನಾಚೆಯಿಂದ ಮೂರು ಮೋಟಾರು ಹಿಮಬಂಡಿಗಳು ಎದುರಾದಾಗ ಒಡೀಲಳ ಎಡಗೈ ತಾನಾಗಿಯೇ ಮೇಲೆದ್ದು ಒಂದು ಬೆರಳು ತೋರಿಸಿತು. ನನ್ನ ಹಿಂದೆ ಇನ್ನೊಬ್ಬರಿದ್ದಾರೆ, ನೋಡಿಕೊಂಡು ಹೋಗಿ ಎಂದು ಅದರ ಅರ್ಥ. ಎದುರಿನ ಗುಂಪಿನ ಮುಂದಾಳು ತಲೆಯಾಡಿಸಿ, ಬಲದಂಚಿಗೆ ಸರಿದು ವೇಗ ತಗ್ಗಿಸಿದ. ಅವನ ಹಿಂದಿನವರಿಬ್ಬರೂ ಹಾಗೇ ಮಾಡಿದರು. ದಕ್ಷಿಣದ ಕಡೆಯವರಿರಬೇಕು, ಮೈಮೇಲಿನದೂ ಹೊಸದು, ಕೆಳಗಿನ ಬಂಡಿಯೂ ಹೊಸದು. ಆದರೂ ನಡತೆ ಬಲ್ಲವರು ಎಂದು ಒಡೀಲ್ ಮೆಚ್ಚಿಕೊಂಡೇ ಮುಂದೆ ಹೋದಳು.

ಸೇತುವೆ ದಾಟುವಾಗ ನೆನಪಾಯಿತು. ಹಿಂದೆ ಯಾರೂ ಇರಲಿಲ್ಲ.

ಗಂಡ ಕ್ಲೋವಿಸ್ ತೀರಿಕೊಂಡದ್ದು ನವೆಂಬರಿನ ಕೊನೆಗೆ. ಅಷ್ಟರಲ್ಲಿ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಮಣ್ಣು ಮಾಡುವುದು ಮೇ ತಿಂಗಳಿಗೇ ಎಂದು ಪಾದ್ರಿ ಹೇಳಿದ ಮೇಲೆ, ಊರಿನ ಉಳಿದ ಚಳಿಗಾಲದ ಸಾವುಗಳ ಜೊತೆ ಅವನ ಪೆಟ್ಟಿಗೆಯನ್ನೂ ಇಗರ್ಜಿಯ ಹಿಂದಿನ ಕಲ್ಲುಕೋಣೆಯಲ್ಲಿ ಇರಿಸಿದ್ದರು. ಅಲ್ಲಿಂದೀಚೆಗೆ ಒಡೀಲ್ ಬಂಡಿ ಹೊರಗೆ ತೆಗೆದದ್ದು ಇದೇ ಮೊದಲು.

ಅವರಿಬ್ಬರೂ ಹೊರಟರೆ ಯಾವಾಗಲೂ ಅವಳೇ ಮುಂದೆ. ಕ್ಲೋವಿಸನಿಗೆ ದಾರಿಯಲ್ಲಿ ಸುಮ್ಮನೆ ಹೋಗುವುದು ಗೊತ್ತಿರಲಿಲ್ಲ. ಬಿದ್ದ ಕೊಂಬೆ ಎಳೆದು ಹಾಕಬೇಕು, ವಾಲಿದ ಫಲಕ ನೆಟ್ಟಗೆ ಮಾಡಬೇಕು, ಯಾರೋ ಎಸೆದ ಬಿಯರ್ ಡಬ್ಬಿ ಹೆಕ್ಕಬೇಕು. ಅವಳು ಎದುರಿಗೆ ಬಂದವರಿಗೆಲ್ಲ ಒಂದು ಬೆರಳು ತೋರಿಸುತ್ತ ಹೋಗುವುದು, ಅವರು ಎಷ್ಟೋ ಹೊತ್ತಿನ ಮೇಲೆ ಕಂಕುಳಲ್ಲಿ ಕೊಂಬೆ ಹಿಡಿದ ಅವನನ್ನು ಕಾಣುವುದು. ಮೂವತ್ತು ಚಳಿಗಾಲ ಹೀಗೇ ಕಳೆದಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ಬೆರಳಿನ ಅಭ್ಯಾಸ ಎರಡು ತಿಂಗಳಲ್ಲಿ ಹೋಗುತ್ತದೆಯೇ?

ಸೇತುವೆಯ ಮೇಲೆ ನಿಂತು ಅವಳು ಹಿಂದೆ ನೋಡಿದಳು. ಹಿಂತಿರುಗಿ ಹೋಗಿ ಹೇಳಬಹುದಿತ್ತು, ಯಾರೂ ಇಲ್ಲ ಕಣ್ರಪ್ಪಾ, ನೀವು ಹೊರಡಿ ಎಂದು. ಅಪರಿಚಿತರ ಮುಂದೆ ಶಿರಸ್ತ್ರಾಣ ತೆಗೆದು ಆ ಮಾತು ಹೇಳಬೇಕಲ್ಲ, ಅದು ಅವಳಿಂದಾಗಲಿಲ್ಲ. ಎರಡು ನಿಮಿಷ ಕಾದು ಹೋಗುತ್ತಾರೆ ಬಿಡು ಅಂದುಕೊಂಡಳು. ನಿಜ ಹೇಳಬೇಕೆಂದರೆ, ತಿರುವಿನಿಂದ ಸೇತುವೆಯವರೆಗಿನ ಆ ಒಂದಿಷ್ಟು ದಾರಿಯಲ್ಲಿ ಅವಳು ಸುಖವಾಗಿದ್ದಳು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಕೆರೆ ಸುತ್ತಿ ಇನ್ನೊಂದು ದಾರಿಯಲ್ಲಿ ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ರೊಸೇರ್ ಬಂದ. ಊರಿನ ಹಿಮಬಂಡಿ ಸಂಘದ ಅಧ್ಯಕ್ಷನೂ ಅವನೇ, ದಾರಿಗೆ ಕೊರಡು ಹೊಡೆದು ಹಿಮ ಸಮ ಮಾಡುವ ಯಂತ್ರ ಓಡಿಸುವವನೂ ಅವನೇ. ಬೇರೆ ಯಾರೂ ಒಪ್ಪದ ಎರಡು ಕೆಲಸಗಳು. ಕ್ಲೋವಿಸನ ಗೆಳೆಯ. ಬಾಗಿಲು ತಟ್ಟದೆ ಒಳಗೆ ಬಂದು, ಬೂಟು ಬಿಚ್ಚಿ, ಅಡುಗೆಮನೆಯ ಮೇಜಿನ ಮುಂದೆ ಕುಳಿತ. ಒಡೀಲ್ ಪ್ಲೋಯ್ ಹೊಯ್ಯುತ್ತಿದ್ದಳು. ಒಂದೇ ಮಗ್ಗುಲು ಬೇಯುವ ಆ ಹಳದಿ ದೋಸೆ ತಟ್ಟೆಗೆ ಬೀಳುವ ಮೊದಲೇ ರೊಸೇರ್ ಬೆಣ್ಣೆ ಹಚ್ಚಲು ಚಾಕು ಹಿಡಿದಿರುತ್ತಿದ್ದ. ಇವತ್ತು ಮುಟ್ಟಲಿಲ್ಲ.

"ಆಲ್ಬನ್ ದಾರಿ ಮುಚ್ಚಿಬಿಟ್ಟ," ಅಂದ.

"ಯಾಕೆ?"

"ಯಾಕೆ ಅಂತ ಕೇಳ್ತೀಯಾ! ನಿನ್ನೆ ಯಾರೋ ಮೂರು ಜನ ಹೊರಗಿನವರು ಅವನ ಸಸಿ ತೋಟದೊಳಗೆ ಬಂಡಿ ನುಗ್ಸಿ, ಆ ಸಾಲಿಂದ ಈ ಸಾಲಿಗೆ, ಈ ಸಾಲಿಂದ ಆ ಸಾಲಿಗೆ ಓಡಾಡಿದ್ದಾರೆ. ಮೊಣಕಾಲೆತ್ತರದ ಫರ್ ಸಸಿಗಳು. ಹಿಮದ ಮೇಲೆ ತುದಿ ಮಾತ್ರ ಕಾಣ್ತಿತ್ತು. ಹುಲ್ಲು ಅನ್ಕೊಂಡ್ರೋ ಏನೋ."

"ಹೊರಗಿನವರ ಹಾವಳಿ ಹೊಸದಾ?"

"ಹಾವಳಿ ಅಲ್ಲ ಮಾರಾಯ್ತಿ, ಅದೇ ಅಲ್ವಾ ಸಂಕಟ! ಒಳ್ಳೇ ಜನ. ತಿರುವಲ್ಲಿ ಎದುರು ಬಂದವರು ಯಾರೋ ಒಂದು ಬೆರಳು ತೋರ್ಸಿದ್ರಂತೆ. ಕಾದ್ರಂತೆ, ಕಾದ್ರಂತೆ, ಹಿಂದಿನವನ ಸುಳಿವೇ ಇಲ್ಲ. ಎಲ್ಲೋ ಮರಕ್ಕೆ ಗುದ್ದಿ ಬಿದ್ದಿದ್ದಾನೆ ಅಂತ ಹುಡುಕೋಕೆ ಹೊರಟ್ರು. ತೋಟದ ಹತ್ರ ಯಾವುದೋ ಹಳೇ ಜಾಡು ಕಾಣ್ತು, ನುಗ್ಗಿದ್ರು. ಆಮೇಲೆ ನನಗೂ ಫೋನು. ಕತ್ತಲಾಗೋ ತನಕ ಕೂಗಿದ್ದೇ ಕೂಗಿದ್ದು. ಹೆಸರು ಗೊತ್ತಿಲ್ಲ, ಏನಂತ ಕೂಗೋದು? ಹೋಯ್, ಹೋಯ್ ಅಂತ."

ಒಡೀಲ್ ಕಾವಲಿಯ ಕಡೆಗೇ ಮುಖ ಮಾಡಿ ನಿಂತಳು. ದೋಸೆ ಸೀಯುತ್ತಿತ್ತು. "ಬಂಡಿ ಯಾವ ಬಣ್ಣದ್ದು ಅಂದ್ರು?" ಎಂದು ಕೇಳಿದಳು.

ರೊಸೇರ್ ಕಾಫಿ ಲೋಟದೊಳಗೆ ನೋಡಿದ. "ನಾನು ಕೇಳ್ಲಿಲ್ಲ," ಅಂದ.

ಕೇಳಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಈ ಕಣಿವೆಯಲ್ಲಿ ಅಷ್ಟು ಹಳೆಯ ನೀಲಿ ಬಂಡಿ ಅವಳದೊಂದೇ.

"ಬೆಳಿಗ್ಗೆ ಆಲ್ಬನ್ ಮನೆಗೆ ಹೋಗಿದ್ದೆ," ರೊಸೇರ್ ಮುಂದುವರಿಸಿದ. "ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕ್ದ. ಅವನು ಮುಚ್ಚಿದ ಅಂದ್ರೆ ಪಕ್ಕದ ಜಮೀನಿನವರೂ ಮುಚ್ತಾರೆ. ಅವರೆಲ್ಲ ಬಿಟ್ಟಿರೋದೇ ಅವನ ಮುಖ ನೋಡಿ. ಆಮೇಲೆ ನಾನು ಎಲ್ಲಿ ಕೊರಡು ಹೊಡೀಲಿ, ನಮ್ಮಪ್ಪನ ಹಿತ್ತಲಲ್ಲಾ?"

ಅವನು ಹೋದ ಮೇಲೆ ಒಡೀಲ್ ಸೀದ ದೋಸೆಯನ್ನು ಕೆರೆದು ಬಿಸಾಡಿದಳು. ನಾಚಿಕೆಯಿಂದ ಅವಳ ಕಿವಿ ಸುಡುತ್ತಿತ್ತು. ಆ ದಾರಿ ಸರ್ಕಾರದ್ದಲ್ಲ, ಸಂಘದ್ದೂ ಅಲ್ಲ. ಮಂದಿಯ ಜಮೀನಿನಲ್ಲಿ, ಮಂದಿ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ದಾರಿ. ಕ್ಲೋವಿಸ್ ಒಬ್ಬೊಬ್ಬರ ಬಾಗಿಲು ತಟ್ಟಿ, ತುಂಡಿಗೆ ತುಂಡು ಸೇರಿಸಿ, ಊರಿನಿಂದ ಕೆರೆಯವರೆಗೆ ಜೋಡಿಸಿದ್ದ. ಅವನು ಇನ್ನೂ ಮಣ್ಣಿಗೇ ಹೋಗಿಲ್ಲ, ಅವನ ದಾರಿಗೆ ಅವಳೇ ಕಲ್ಲು ಹಾಕಿದ ಹಾಗಾಯಿತು. ತಪ್ಪು ಮಾಡಿದ ಮೂವರು ನಡತೆಗೆಟ್ಟವರಾಗಿದ್ದರೆ ಕಾಯುತ್ತಲೂ ಇರಲಿಲ್ಲ, ಹುಡುಕುತ್ತಲೂ ಇರಲಿಲ್ಲ. ಅವರನ್ನು ಬೈಯುವ ಹಾಗೂ ಇರಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಅವಳು ಹೊರಟಳು. ರೊಸೇರ್ ಊರ ಕಡೆಯ ತುಂಡಿಗೆ ಬೆಳಿಗ್ಗೆ ಕೊರಡು ಹೊಡೆದಿದ್ದ. ಹೊಡೆದ ಕೂಡಲೇ ಅದರ ಮೇಲೆ ಓಡಿಸಬಾರದು, ಹಿಮ ಹದ ಕೂರಬೇಕು. ನೆನೆಯದ ಅಕ್ಕಿಯನ್ನು ರುಬ್ಬಿದರೆ ಹೇಗೋ ಹಾಗೆ ಆಗುತ್ತದೆ, ಆಮೇಲೆ ಎಷ್ಟು ಒದ್ದಾಡಿದರೂ ಸರಿಹೋಗದು. ಅಲ್ಲಿಯವರೆಗೂ ಅವಳು ಕೋಟು ತೊಟ್ಟು ಕಿಟಕಿಯ ಬಳಿ ಕುಳಿತು ಕಾದಿದ್ದಳು. ಎಂಥ ಆತುರದಲ್ಲೂ ಈ ಕುಟುಂಬದವರು ಹಸಿ ದಾರಿ ತುಳಿದವರಲ್ಲ.

ಆಲ್ಬನ್ನನ ಅಂಗಳದ ಅಂಚಿನಲ್ಲೇ ದಾರಿ ಅವನ ತೋಟ ಹೊಗುತ್ತಿತ್ತು. ಅಲ್ಲಿ ಎರಡು ಕಂಬಗಳ ನಡುವೆ ಸರಪಳಿ, ಬೀಗ. ಅವಳು ಬಂಡಿ ನಿಲ್ಲಿಸಿ ಇಳಿಯುವಷ್ಟರಲ್ಲಿ ಆಲ್ಬನ್ ಕೊಟ್ಟಿಗೆಯಿಂದ ಹೊರಗೆ ಬಂದ. ಒಣಕಲು ಮನುಷ್ಯ, ಮದುವೆಯಾಗಲಿಲ್ಲ, ಮಾತೂ ಹೆಚ್ಚು ಕಲಿಯಲಿಲ್ಲ.

"ರೊಸೇರ್ ಕಳಿಸಿದ್ನಾ?" ಎಂದು ಕೇಳಿದ. "ಅವನ ಬಾಯಿಗೆ ಆಗ್ಲಿಲ್ಲ ಅಂತ ಈಗ ಹೆಂಗಸರ ಕಣ್ಣೀರಾ?"

"ಯಾರೂ ಕಳಿಸ್ಲಿಲ್ಲ. ಸಸಿ ತೋರಿಸು."

ಅವನು ಬೆಲೆಕಟ್ಟುವವನಂತೆ ಅವಳನ್ನು ಒಂದು ಸಲ ನೋಡಿ ಮುಂದೆ ನಡೆದ. ಸಾಲುಗಳ ನಡುವೆ ಬಂಡಿಗಳ ಅಗಲವಾದ ಜಾಡು ಹೋಗಿ, ತಿರುಗಿ, ಮತ್ತೆ ಹೋಗಿತ್ತು. ತುಳಿದು ಗಟ್ಟಿಯಾದ ಹಿಮದಲ್ಲಿ ಹಸಿರು ತುದಿಗಳು ಚೂರಾಗಿ ಅಂಟಿಕೊಂಡಿದ್ದವು. ಆಲ್ಬನ್ ಬಗ್ಗಿ ಒಂದು ಸಸಿಯ ಸುತ್ತ ಕೈಗವಸಿನಿಂದ ಹಿಮ ಬಿಡಿಸಿದ. ನಡುವಿನ ಕಡ್ಡಿ ಮುರಿದು ತೊಗಟೆಯಲ್ಲಿ ಜೋತಾಡುತ್ತಿತ್ತು.

"ತುದಿ ಹೋದ್ರೆ ಇದು ಕ್ರಿಸ್‌ಮಸ್ ಗಿಡ ಅಲ್ಲ, ಪೊರಕೆ," ಅಂದ. "ಎಂಟು ವರ್ಷ ಕಾದು ಪೊರಕೆ ಮಾರ್ಲಾ?"

"ಆಲ್ಬನ್, ಆ ಬೆರಳು ತೋರಿಸಿದ್ದು ನಾನು."

ಅವನು ಬಗ್ಗಿದವನು ಹಾಗೇ ಇದ್ದ.

"ಅಭ್ಯಾಸಬಲದಿಂದ ಕೈ ಎದ್ದುಬಿಡ್ತು. ಸೇತುವೆ ಹತ್ರ ಗೊತ್ತಾಯ್ತು. ತಿರುಗಿ ಹೋಗಿ ಹೇಳ್ಬಹುದಿತ್ತು, ಹೇಳ್ಲಿಲ್ಲ. ಅವರು ಇಲ್ಲೆಲ್ಲ ಹುಡುಕಿದ್ದು ಕ್ಲೋವಿಸ್‌ನ."

ಆಲ್ಬನ್ ನೆಟ್ಟಗೆ ನಿಂತು, ಮೂಗು ಒರೆಸಿಕೊಂಡು, ಜಾಡುಗಳನ್ನೆಲ್ಲ ಇನ್ನೊಂದು ಸಲ ನೋಡಿದ.

"ಸಿಕ್ಕಿದ್ನಾ?" ಎಂದು ಕೇಳಿದ.

ಒಡೀಲ್‌ಗೆ ನಗು ಬಂದುಬಿಟ್ಟಿತು. ಎರಡು ತಿಂಗಳಿಂದ ಊರಿಗೆ ಊರೇ ಅವಳ ಮುಂದೆ ಪಿಸುಮಾತಿನಲ್ಲಿ ಮಾತಾಡಿತ್ತು. ಇಂಥ ಒರಟು ಮಾತು ಯಾರೂ ಆಡಿರಲಿಲ್ಲ. ನಕ್ಕಳು, ನಗುತ್ತಲೇ ಅಳು ಬಂತು, ಇಗರ್ಜಿಯಲ್ಲಿ ಅಳದಿದ್ದದ್ದೆಲ್ಲ ಅಲ್ಲಿ, ಸಸಿಗಳ ನಡುವೆ ಅತ್ತಳು. ಆಲ್ಬನ್ ಏನು ಮಾಡಬೇಕೆಂದು ತಿಳಿಯದೆ ಬೂಟಿನ ತುದಿಯಿಂದ ಹಿಮ ಒದೆಯುತ್ತ ನಿಂತ.

"ಈ ವರ್ಷ ಕೇಳೋಕೆ ಯಾರೂ ಬರ್ಲಿಲ್ಲ," ಕೊನೆಗೆ ಅಂದ.

"ಏನು?"

"ದಾರಿ. ಪ್ರತಿ ಅಕ್ಟೋಬರ್ ಬರ್ತಿದ್ದ ನಿನ್ನ ಗಂಡ. ನೀನು ಮಾಡಿದ ಹಂದಿಮಾಂಸದ ಡಬ್ಬಿ ಹಿಡ್ಕೊಂಡು. ಅರ್ಧ ದಿನ ಕೂತು ಆಲೂಗಡ್ಡೆ ರೇಟು, ಅವರಿವರ ಮನೆ ಮಾತು ಎಲ್ಲ ಮುಗಿಸಿ, ಎದ್ದು ಹೋಗುವಾಗ ಬಾಗಿಲಲ್ಲಿ ಕೇಳ್ತಿದ್ದ, 'ಈ ವರ್ಷವೂ ದಾರಿ ಬಿಡ್ತೀಯಾ ಆಲ್ಬನ್?' ಅಂತ. ನಾನು 'ನೋಡೋಣ' ಅಂತಿದ್ದೆ. ಈ ವರ್ಷ ಅವನು ಆಸ್ಪತ್ರೇಲಿದ್ದ, ಸರಿ. ಸಂಘದಲ್ಲಿ ಬೇರೆ ಗಂಡಸರಿರ್ಲಿಲ್ವಾ? ಡಿಸೆಂಬರ್‌ನಲ್ಲಿ ಸೀದಾ ಬಂದು ದಾರಿ ಗುರುತಿನ ಕಂಬ ನೆಟ್ಟು ಹೋದ್ರು. ನನ್ನ ಜಮೀನು ಅವರಪ್ಪಂದು ಅನ್ನೋ ಹಾಗೆ."

ಒಡೀಲ್ ಕಣ್ಣೊರೆಸಿಕೊಂಡಳು. ಆ ಡಬ್ಬಿ ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದರ ಕೆಲಸ ಇಷ್ಟು ದೊಡ್ಡದು ಎಂದು ಗೊತ್ತಿರಲಿಲ್ಲ.

"ನಾನು ಇವತ್ತು ಬರಿಗೈಲಿ ಬಂದಿದ್ದೀನಿ," ಅಂದಳು.

"ಕಾಣ್ತದಲ್ಲ."

"ಈ ಸಸಿಗಳಿಗೆ ಏನೂ ಮಾಡೋಕಾಗಲ್ವಾ?"

"ಮಾಡ್ಬಹುದು. ಪಕ್ಕದ ಕೊಂಬೆ ಒಂದನ್ನ ಮೇಲಕ್ಕೆ ಎತ್ತಿ ಕಡ್ಡಿ ಕೊಟ್ಟು ಕಟ್ಟಬೇಕು. ಅದೇ ತುದಿ ಆಗ್ತದೆ. ಈಗಲ್ಲ, ಈಗ ಮುಟ್ಟಿದ್ರೆ ಚಟ್ ಅಂತ ಮುರೀತದೆ. ಮೇ ತಿಂಗಳಲ್ಲಿ."

"ನಾನು ಬಂದು ಕಟ್ತೀನಿ. ಎಲ್ಲಾ ಸಾಲೂ." ಅವಳು ತಡೆದಳು. "ಮೇ ತಿಂಗಳಲ್ಲಿ ನನಗೆ ಒಂದು ಕೆಲಸ ಇದೆ."

"ಗೊತ್ತು. ಆ ಕೆಲಸಕ್ಕೆ ನಾನೂ ಬರೋನೇ. ಅದು ಮುಗಿಸ್ಕೊಂಡು ಇಲ್ಲಿಗೆ ಬಾ."

ಇಬ್ಬರೂ ಅಂಗಳದ ಕಡೆಗೆ ನಡೆದರು. ಸೂರ್ಯ ಆಗಲೇ ಮರಗಳ ಹಿಂದೆ ಇಳಿದಿದ್ದ. ಸರಪಳಿಯ ಹತ್ತಿರ ಬಂದಾಗ ಒಡೀಲ್ ನಿಂತಳು. ಇದೂ ಒಂದು ಕೇಳುವ ಮಾತೇ ಎಂದು ಕ್ಲೋವಿಸನನ್ನು ಎಷ್ಟು ಸಲ ಗೇಲಿ ಮಾಡಿದ್ದಳೋ.

"ಈ ವರ್ಷವೂ ದಾರಿ ಬಿಡ್ತೀಯಾ ಆಲ್ಬನ್?"

ಆಲ್ಬನ್ ಜೇಬಿನಲ್ಲಿ ಕೈಯಾಡಿಸಿ ಕೀಲಿಕೈ ಹುಡುಕಿದ. "ನೋಡೋಣ," ಅಂದ. ಬೀಗ ತೆಗೆದು ಸರಪಳಿಯನ್ನು ಹಿಮದ ಮೇಲೆ ಕೆಡವಿದ. "ಸೇತುವೆ ತಲೇಲೂ ಒಂದು ಹಾಕಿದ್ದೀನಿ, ಅದನ್ನೂ ಬಿಚ್ಬೇಕು. ನೀನು ಮುಂದೆ ನಡಿ. ನನ್ನ ಬಂಡಿ ಕೊಟ್ಟಿಗೇಲಿ ಮಲಗಿ ಎರಡು ವರ್ಷ ಆಯ್ತು, ಏಳೋದು ನಿಧಾನ."

ಅವಳು ನಿಧಾನವಾಗಿಯೇ ಹೋದಳು. ತೋಟದ ಅಂಚು, ತಿರುವು, ಅದರಾಚೆ ಸೇತುವೆಯ ತಲೆಯ ಸರಪಳಿ. ಸರಪಳಿಯ ಆ ಬದಿಗೆ ರೊಸೇರನ ಯಂತ್ರ ದೀಪ ಹೊತ್ತಿಸಿಕೊಂಡು ನಿಂತಿತ್ತು. ಕೆರೆ ಕಡೆಯ ತುಂಡಿಗೆ ಕೊರಡು ಹೊಡೆಯುತ್ತ ಬಂದವನು, ಮುಂದೆ ದಾರಿಯಿಲ್ಲದೆ ಯಂತ್ರ ತಿರುಗಿಸುವುದರಲ್ಲಿದ್ದ. ಮುಚ್ಚಿದ ತೋಟದ ಒಳಗಿನಿಂದ ನೀಲಿ ಬಂಡಿ ಬರುವುದನ್ನು ಕಂಡು ಬಾಗಿಲು ತೆರೆದು ಕೆಳಗೆ ಧುಮುಕಿದ. ಒಡೀಲ್ ಬಲದಂಚಿಗೆ ಸರಿದು ನಿಂತಳು.

"ಏನೇ, ತಲೆಗಿಲೆ ಕೆಟ್ಟಿದ್ಯಾ ನಿನಗೆ?" ರೊಸೇರ್ ಕೂಗಿದ. "ಮುಚ್ಚಿದ ದಾರೀಲಿ ಬಂದಿದ್ದೀಯಲ್ಲ! ಆಲ್ಬನ್ ನೋಡಿದ್ರೆ ಈ ಜನ್ಮದಲ್ಲಿ ತೆಗೆಯಲ್ಲ ಅವನು!"

ಒಡೀಲ್ ಎಡಗೈ ಎತ್ತಿ ಒಂದು ಬೆರಳು ತೋರಿಸಿದಳು.

ರೊಸೇರ್ ಟೋಪಿ ತೆಗೆದು ಸರಪಳಿಯ ಹತ್ತಿರ ಬಂದ. ಪೆಟ್ಟಿಗೆ ಹೊತ್ತ ದಿನ ಅವನ ಮುಖ ಹೇಗಿತ್ತೋ ಈಗಲೂ ಹಾಗೇ ಇತ್ತು. "ಒಡೀಲ್," ಎಂದು ಮೆತ್ತಗೆ ಕರೆದ. "ಕೈ ಇಳಿಸು. ಬಾ, ನಾನು ಮನೆಗೆ ಬಿಡ್ತೀನಿ."

"ಸ್ವಲ್ಪ ತಾಳು," ಅಂದಳು ಅವಳು. ಕೈ ಇಳಿಸಲಿಲ್ಲ.

ಹಿಂದೆ ತಿರುವು ಖಾಲಿಯಾಗಿತ್ತು. ಆಲ್ಬನ್ನನ ಹಳೆಯ ಬಂಡಿ ಎದ್ದಿತೋ ಇಲ್ಲವೋ ಎಂದು ಅವಳಿಗೂ ಒಂದು ಗಳಿಗೆ ಅನುಮಾನವಾಯಿತು. ರೊಸೇರ್ ಅವಳ ಬೆರಳನ್ನೂ ನೋಡಲಾರದೆ ಮುಖವನ್ನೂ ನೋಡಲಾರದೆ ಟೋಪಿಯನ್ನು ತಿರುಗಿಸುತ್ತ ನಿಂತಿದ್ದ. ಆಮೇಲೆ, ಸದ್ದು ಕೇಳುವುದಕ್ಕಿಂತ ಮೊದಲು, ತಿರುವಿನ ಮರಗಳ ಮೇಲೆ ಒಂದು ಹಳದಿ ಬೆಳಕು ಬಿತ್ತು.